ಪಿಯುಸಿ ಓದುವಾಗಲೇ ಡಿಗ್ರಿ ಕ್ರೆಡಿಟ್: ಕಲಬುರಗಿ, ಬೀದರ್, ಯಾದಗಿರಿ ಮಕ್ಕಳಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ನಮ್ಮ ಭಾಗದ ಪಾಲಕರು ಈಗೀಗ ಕೇಳುವ ಪ್ರಶ್ನೆ ಇದು: "ನಮ್ಮ ಹುಡುಗ ಪಿಯುಸಿ ಓದ್ಕೋತನೇ ಡಿಗ್ರಿ ಕ್ರೆಡಿಟ್ ತಗೋಬಹುದಂತಲ್ರಿ, ಹೆಂಗ?" ಅಮೆರಿಕದಲ್ಲಿರುವ ಅಣ್ಣನ ಮಗಳು ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಅರ್ಧ ವರ್ಷ ಮುಗಿಸಿದಳಂತೆ ಎಂಬ ಸುದ್ದಿ ಒಂದು ಕಡೆ, ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬೀಳುವ ಜಾಹೀರಾತು ಇನ್ನೊಂದು ಕಡೆ. ಕ್ರೆಡಿಟ್ ಎಂದರೆ ಒಂದು ಕೋರ್ಸ್ ಮುಗಿಸಿದ್ದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಅಳತೆ. ನೇರವಾಗಿ ಹೇಳುವುದಾದರೆ, ಪಿಯುಸಿ ವಿದ್ಯಾರ್ಥಿ ಕಾಲೇಜು ಮಟ್ಟದ ಕೋರ್ಸ್ ಮಾಡಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯಬಹುದು. ಅದು ಕ್ರೆಡಿಟ್ ಆಗಿ ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬುದು ಮುಂದೆ ಸೇರುವ ವಿಶ್ವವಿದ್ಯಾಲಯದ ಕೈಯಲ್ಲಿದೆ. ಕೋರ್ಸ್ ಕೊಟ್ಟವರು ಎಷ್ಟು ಕ್ರೆಡಿಟ್ ಎಂದು ಬರೆದುಕೊಟ್ಟರೂ, ತೆಗೆದುಕೊಳ್ಳುವವರು ಒಪ್ಪದಿದ್ದರೆ ಅದು ಒಂದು ಹಾಳೆ ಮಾತ್ರ.

ಅಮೆರಿಕದ ವ್ಯವಸ್ಥೆ ಹೇಗಿದೆ ಎಂದು ಮೊದಲು ತಿಳಿದುಕೊಂಡರೆ ಹೋಲಿಕೆಯ ಗೊಂದಲ ತಪ್ಪುತ್ತದೆ. ಅಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಡ್ಯುಯಲ್ ಎನ್‌ರೋಲ್‌ಮೆಂಟ್ ಎಂದರೆ ಹೈಸ್ಕೂಲ್ ವಿದ್ಯಾರ್ಥಿ ಹೆಚ್ಚಾಗಿ ಹತ್ತಿರದ ಕಮ್ಯುನಿಟಿ ಕಾಲೇಜಿನ ತರಗತಿಗೆ ದಾಖಲಾಗುವುದು. ಒಂದೇ ಕೋರ್ಸ್ ಶಾಲೆಯ ಲೆಕ್ಕಕ್ಕೂ ಕಾಲೇಜಿನ ಲೆಕ್ಕಕ್ಕೂ ಸೇರುತ್ತದೆ. ಇದರ ಇನ್ನೊಂದು ಮುಖ ಬಹಳ ಜನರಿಗೆ ಗೊತ್ತಿಲ್ಲ. ಹದಿನಾರನೇ ವಯಸ್ಸಿನಲ್ಲಿ ತೆಗೆದ ಕೆಟ್ಟ ಗ್ರೇಡ್ ಕೂಡ ಕಾಲೇಜಿನ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ. ಎರಡನೆಯದು ಕಾಲೇಜ್ ಬೋರ್ಡ್ ಸಂಸ್ಥೆ ಮೇ ತಿಂಗಳಲ್ಲಿ ನಡೆಸುವ, ಕಾಲೇಜು ಮಟ್ಟದ ವಿಷಯಗಳ ಎಪಿ ಪರೀಕ್ಷೆ. 1ರಿಂದ 5ರವರೆಗೆ ಅಂಕ. 3 ಬಂದರೆ ಬಹಳಷ್ಟು ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಪೈಪೋಟಿ ಹೆಚ್ಚಿರುವಲ್ಲಿ 4 ಅಥವಾ 5 ಕೇಳುತ್ತಾರೆ, ಕೆಲವು ಕಡೆ ಏನೂ ಕೊಡುವುದಿಲ್ಲ. ಮೂರನೆಯದು ಕ್ಲೆಪ್: ತರಗತಿಯೇ ಇಲ್ಲ, ಪರೀಕ್ಷೆ ಬರೆದು ಪಾಸಾದರೆ ಸಾಕು. ಅಂದರೆ ಅಲ್ಲಿಯೂ ಕೊನೆಯ ಮಾತು ಸೇರಿಸಿಕೊಳ್ಳುವ ಕಾಲೇಜಿನದೇ. ಪಿಯುಸಿ ನಂತರ ಅಮೆರಿಕಕ್ಕೇ ಹೋಗುವುದು ಖಚಿತವಿದ್ದರೆ ಎಪಿ ಬಗ್ಗೆ ಯೋಚಿಸಬಹುದು. ಇಲ್ಲೇ ಓದುವ ಮಕ್ಕಳಿಗೆ ಅದಕ್ಕೆ ಹಣ ಸುರಿಯುವ ಕಾರಣವಿಲ್ಲ.

ಇನ್ನು ನಮ್ಮ ದೇಶದ ಲೆಕ್ಕ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್. ಶಾಲೆಯ ಓದಿಗೂ ಕ್ರೆಡಿಟ್ ಇದೆ ಎಂದು ಅದು ಹೇಳುತ್ತದೆ. ಇದನ್ನು ಓದಿದವರು "ಹಾಗಾದರೆ ಪಿಯುಸಿ ಕ್ರೆಡಿಟ್ ಡಿಗ್ರಿಗೆ ವರ್ಗ ಆಗುತ್ತದೆ" ಎಂದುಕೊಳ್ಳುತ್ತಾರೆ. ಆಗುವುದಿಲ್ಲ. ಅದೇ ಚೌಕಟ್ಟಿನಲ್ಲಿ ಪ್ರತಿ ಹಂತಕ್ಕೂ ಒಂದು ಮಟ್ಟವಿದೆ: ಹತ್ತನೇ ತರಗತಿ 3, ಹನ್ನೆರಡನೇ ತರಗತಿ 4, ಡಿಗ್ರಿ ಮೊದಲ ವರ್ಷ 4.5. 4ನೇ ಮಟ್ಟದ ಕ್ರೆಡಿಟ್‌ನಿಂದ ಡಿಗ್ರಿಗೆ ಸೇರುವ ಅರ್ಹತೆ ಬರುತ್ತದೆ, ಡಿಗ್ರಿಯ ಪೇಪರ್ ಕಡಿಮೆಯಾಗುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಗಣಿತಕ್ಕೆ 98 ಬಂದರೂ ಬಿಎಸ್ಸಿ ಮೊದಲ ಸೆಮಿಸ್ಟರಿನ ಗಣಿತ ಬರೆಯಲೇಬೇಕು.

ಹಾಗಾದರೆ ಪಿಯುಸಿಯಲ್ಲಿದ್ದಾಗಲೇ 4.5ರ ಮಟ್ಟದ ಕೋರ್ಸ್ ಮಾಡಿದರೆ? ಇಲ್ಲಿಗೆ ಬರುತ್ತದೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ ಮತ್ತು ಅದರಲ್ಲಿ ಸಿಗುವ ಎನ್‌ಪಿಟಿಇಎಲ್ ವಿಷಯ. ಸ್ವಯಂನಲ್ಲಿ 9ರಿಂದ 12ನೇ ತರಗತಿಗೆ ಎನ್‌ಸಿಇಆರ್‌ಟಿ ಮತ್ತು ಎನ್‌ಐಒಎಸ್ ಕೊಡುವ ಕೋರ್ಸುಗಳೂ ಇವೆ. ಅವು ಶಾಲೆಯ ಪಾಠವೇ, ಕಾಲೇಜಿನ ಕ್ರೆಡಿಟ್‌ಗೂ ಅವಕ್ಕೂ ಸಂಬಂಧವಿಲ್ಲ. ಐಐಟಿ ಮತ್ತು ಐಐಎಸ್ಸಿ ಪ್ರಾಧ್ಯಾಪಕರು ಪಾಠ ಮಾಡುವ ಎನ್‌ಪಿಟಿಇಎಲ್ ಕೋರ್ಸುಗಳು ಬೇರೆ. 4 ವಾರದ್ದಕ್ಕೆ 1, 8 ವಾರದ್ದಕ್ಕೆ 2, 12 ವಾರದ್ದಕ್ಕೆ 3 ಕ್ರೆಡಿಟ್ ಎಂಬುದು ರೂಢಿಯ ಲೆಕ್ಕ. ವಿಡಿಯೊ ನೋಡಲು, ವಾರದ ಅಸೈನ್‌ಮೆಂಟ್ ಮಾಡಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಪ್ರತ್ಯೇಕವಾಗಿ ನೋಂದಣಿ ಮಾಡಿ ಶುಲ್ಕ ಕಟ್ಟಬೇಕು. ಸಾಮಾನ್ಯವಾಗಿ ಒಂದು ಕೋರ್ಸಿಗೆ 1000 ರೂಪಾಯಿ, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅದರ ಅರ್ಧ.

ಇಲ್ಲೇ ಮೊದಲ ಎಡವಟ್ಟು. ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. "ಜಾಯಿನ್" ಒತ್ತಿ, ಎಂಟು ವಾರ ನಿಷ್ಠೆಯಿಂದ ಅಸೈನ್‌ಮೆಂಟ್ ಸಲ್ಲಿಸಿ, ಕೊನೆಗೆ ಪರೀಕ್ಷೆಯ ನೋಂದಣಿ ಮುಗಿದು ಹೋಗಿದೆ ಎಂದು ತಿಳಿದುಕೊಳ್ಳುವ ಮಕ್ಕಳು ಬಹಳ. ಪರೀಕ್ಷೆಯ ಫಾರ್ಮ್ ಕೋರ್ಸ್ ನಡೆಯುತ್ತಿರುವಾಗಲೇ ತೆರೆದು, ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಮುಚ್ಚುತ್ತದೆ. ಪರೀಕ್ಷಾ ಕೇಂದ್ರಗಳಲ್ಲಿ ಸೀಟು ಸೀಮಿತ, ಮೊದಲು ಬಂದವರಿಗೆ ಮೊದಲು. ಪಟ್ಟಿಯಲ್ಲಿ ಕಲಬುರಗಿ ಕಂಡರೆ ಅಂದೇ ಹಿಡಿದುಬಿಡಿ. ತಡಮಾಡಿದರೆ ಬೀದರಿನವರಿಗೆ ಹೈದರಾಬಾದ್, ಕಲಬುರಗಿಯವರಿಗೆ ಸೊಲ್ಲಾಪುರ ಎಂದಾಗಬಹುದು. ಸಾವಿರ ರೂಪಾಯಿಯ ಪರೀಕ್ಷೆಗೆ ಓಡಾಟದ ಖರ್ಚೇ ಅದಕ್ಕಿಂತ ಜಾಸ್ತಿ ಆದೀತು, ಜೊತೆಗೆ ಒಬ್ಬ ದೊಡ್ಡವರ ಒಂದು ದಿನದ ಕೂಲಿ ಅಥವಾ ರಜೆ.

ಅಂಕದ ಲೆಕ್ಕ ಸ್ವಲ್ಪ ವಿಚಿತ್ರ, ಆದ್ದರಿಂದ ಬಿಡಿಸಿ ಹೇಳಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. 4 ವಾರದ ಕೋರ್ಸಿನಲ್ಲಿ ಅತ್ಯುತ್ತಮ 3, 8 ವಾರದ್ದರಲ್ಲಿ 6, 12 ವಾರದ್ದರಲ್ಲಿ 8 ಅಸೈನ್‌ಮೆಂಟುಗಳ ಸರಾಸರಿ ತೆಗೆಯುತ್ತಾರೆ. ಪಾಸಾಗಲು ಎರಡು ಷರತ್ತುಗಳು ಒಟ್ಟಿಗೇ ಪೂರೈಸಬೇಕು: ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30. ಒಬ್ಬ ವಿದ್ಯಾರ್ಥಿಗೆ ಅಸೈನ್‌ಮೆಂಟ್ ಸರಾಸರಿ ನೂರಕ್ಕೆ 95 ಇದೆ ಎಂದುಕೊಳ್ಳಿ. ಅದು 25ಕ್ಕೆ 23.75. ಪರೀಕ್ಷೆಯಲ್ಲಿ ನೂರಕ್ಕೆ 38 ಬಂತು. ಅದು 75ಕ್ಕೆ 28.5. ಒಟ್ಟು 52.25. ಆದರೂ ಸರ್ಟಿಫಿಕೇಟ್ ಇಲ್ಲ, ಪರೀಕ್ಷೆಯ 30 ದಾಟಿಲ್ಲವಲ್ಲ. ಇನ್ನೊಬ್ಬನಿಗೆ ಅಸೈನ್‌ಮೆಂಟ್ 60, ಪರೀಕ್ಷೆ 42. ಒಟ್ಟು 46.5, ಪಾಸು. ಗೆಳೆಯರಿಂದ, ಟೆಲಿಗ್ರಾಂ ಚಾನೆಲ್‌ಗಳಿಂದ ಉತ್ತರ ಇಳಿಸಿಕೊಂಡು ಅಸೈನ್‌ಮೆಂಟ್ ತುಂಬಿಸುವವರು ಮೊದಲನೆಯ ಗುಂಪಿಗೆ ಬೀಳುತ್ತಾರೆ. ವಾರದ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11.59. ಕರೆಂಟು, ನೆಟ್ ಎರಡೂ ನೆಚ್ಚುವಂತಿಲ್ಲದ ಊರಿನಲ್ಲಿದ್ದರೆ ಭಾನುವಾರವೇ ಸಲ್ಲಿಸಿಬಿಡುವುದು ವಾಸಿ. ಗಡುವಿನೊಳಗೆ ಮತ್ತೆ ತಿದ್ದಿ ಸಲ್ಲಿಸಲು ಬರುತ್ತದೆ.

ಯಾವ ಕೋರ್ಸ್, ಯಾವಾಗ? ವರ್ಷಕ್ಕೆ ಎರಡು ಸರಣಿ, ಜನವರಿಯದ್ದು ಮತ್ತು ಜುಲೈನದ್ದು. ಜನವರಿ ಸರಣಿಯ ಪರೀಕ್ಷೆ ಬಂದು ಬೀಳುವ ಹೊತ್ತಿಗೆ ಪಿಯುಸಿ ವಾರ್ಷಿಕ ಪರೀಕ್ಷೆ, ಸಿಇಟಿ ಎಲ್ಲ ತಲೆಯ ಮೇಲೆ ಕುಳಿತಿರುತ್ತವೆ. ಪಿಯು ಮಕ್ಕಳಿಗೆ ಹೊಂದುವುದು ಪ್ರಥಮ ಪಿಯುಸಿಯ ಜುಲೈ ಸರಣಿ ಒಂದೇ. ಅದರಲ್ಲೂ 8 ವಾರದ ಒಂದು ಕೋರ್ಸ್ ಸಾಕು. ಸಿ ಅಥವಾ ಪೈಥಾನ್ ಪ್ರೋಗ್ರಾಮಿಂಗ್, ಇಂಗ್ಲಿಷ್ ಸಂವಹನ, ಮನಶ್ಶಾಸ್ತ್ರ ಪರಿಚಯದಂಥವು. "ಪೂರ್ವಜ್ಞಾನ" ಎಂಬ ಕಡೆ ಬಿಇ ಮೂರನೇ ಸೆಮಿಸ್ಟರ್ ಎಂದೇನಾದರೂ ಇದ್ದರೆ ಅದರ ತಂಟೆಗೆ ಹೋಗಬೇಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಅನುಕೂಲವಿದೆ: ಎಷ್ಟೋ ಕೋರ್ಸುಗಳ ಪಾಠದ ಕನ್ನಡ ಅನುವಾದ ಪಿಡಿಎಫ್ ರೂಪದಲ್ಲಿ ಎನ್‌ಪಿಟಿಇಎಲ್ ತಾಣದಲ್ಲೇ ಸಿಗುತ್ತದೆ. ಪಾಠ ಕನ್ನಡದಲ್ಲಿ ಓದಿ, ಅಸೈನ್‌ಮೆಂಟ್ ಇಂಗ್ಲಿಷಿನಲ್ಲಿ ಮಾಡಿ. ಪ್ರಶ್ನೆಪತ್ರಿಕೆ ಹೇಗೂ ಇಂಗ್ಲಿಷಿನಲ್ಲೇ. ಪಿಸಿಎಂಬಿ ತೆಗೆದುಕೊಂಡು ನೀಟ್ ಕೋಚಿಂಗ್‌ಗೆ ಹೋಗುವ ಮಗುವಿಗೆ ಇದನ್ನು ಹೇರುವುದು ತಪ್ಪು. ಕಲಾ ಮತ್ತು ವಾಣಿಜ್ಯ ವಿಭಾಗದ ಮಕ್ಕಳಿಗೆ ಮಾತ್ರ ಸಮಯವೂ ಇರುತ್ತದೆ, ಲಾಭವೂ ಹೆಚ್ಚು.

ಈಗ ಕಹಿ ಭಾಗ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನಲ್ಲಿ ಶೇ. 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಬಿಡಬಹುದು. ಆದರೆ ಆ ನಿಯಮ ಬರೆದಿರುವುದು ಈಗಾಗಲೇ ಕಾಲೇಜಿಗೆ ದಾಖಲಾದವರನ್ನು ಕಣ್ಣೆದುರಿಟ್ಟುಕೊಂಡು: ವಿಶ್ವವಿದ್ಯಾಲಯ ಯಾವ ಕೋರ್ಸ್ ನಡೆಯುತ್ತದೆ ಎಂದು ಪಟ್ಟಿ ಮಾಡುತ್ತದೆ, ವಿದ್ಯಾರ್ಥಿ ಅದರಿಂದ ಆರಿಸಿಕೊಳ್ಳುತ್ತಾನೆ, ಅಂಕ ಬಂದ ಮೇಲೆ ಕಾಲೇಜು ಅದನ್ನು ಸೇರಿಸಿಕೊಳ್ಳುತ್ತದೆ. ದಾಖಲಾತಿಗೆ ಎರಡು ವರ್ಷ ಮುಂಚೆ ಮಾಡಿದ ಕೋರ್ಸನ್ನು ಕಾಲೇಜು ತೆಗೆದುಕೊಳ್ಳಲೇಬೇಕು ಎಂದು ಎಲ್ಲೂ ಇಲ್ಲ. ಅದರ ಮೇಲೆ ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಪಠ್ಯಕ್ರಮದ ರಚನೆಯೂ ಬದಲಾಗಿದೆ. ಹಾಗಾಗಿ ಗುಲಬರ್ಗಾ ವಿಶ್ವವಿದ್ಯಾಲಯ, ಬೀದರ್ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ಇವಕ್ಕೆಲ್ಲ ಒಂದೇ ಉತ್ತರ ಇರುವುದಿಲ್ಲ. ಕೇಳಬೇಕಾದ್ದು ಕಾಲೇಜಿನ ಗುಮಾಸ್ತರನ್ನಲ್ಲ, ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯನ್ನು, ಅದೂ ಬರಹದಲ್ಲಿ. ಕೋರ್ಸಿನ ಹೆಸರು, ವಾರ, ಕ್ರೆಡಿಟ್, ಪರೀಕ್ಷೆಯ ತಿಂಗಳು ನಮೂದಿಸಿ "ಪ್ರವೇಶಕ್ಕೆ ಮುಂಚೆ ಗಳಿಸಿದ ಈ ಕ್ರೆಡಿಟ್ ಅನ್ನು ಯಾವ ಪತ್ರಿಕೆಗೆ ಬದಲಾಗಿ ಪರಿಗಣಿಸುತ್ತೀರಿ?" ಎಂದು ಕೇಳಿ. "ಪರಿಗಣಿಸುತ್ತೀರಾ" ಎಂದು ಕೇಳಿದರೆ "ನಿಯಮಾನುಸಾರ ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ.

ಅಪಾರ್ ಐಡಿ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತಿನ ಸಂಖ್ಯೆ) ಮತ್ತು ಕ್ರೆಡಿಟ್‌ಗಳನ್ನು ಜಮೆ ಇಡುವ ಡಿಜಿಟಲ್ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಗ್ಗೆಯೂ ಇದೇ ತಪ್ಪು ಕಲ್ಪನೆ ಇದೆ. 2021ರಲ್ಲಿ ಶುರುವಾದ ಈ ಬ್ಯಾಂಕಿನಲ್ಲಿ ವಿದ್ಯಾರ್ಥಿ ತಾನೇ ಹೋಗಿ ಕ್ರೆಡಿಟ್ ಜಮೆ ಮಾಡಲು ಬರುವುದಿಲ್ಲ, ಸಂಸ್ಥೆಯೇ ಮಾಡಬೇಕು. ಜಮೆಯಾದದ್ದು ಗರಿಷ್ಠ 7 ವರ್ಷ ಚಾಲ್ತಿಯಲ್ಲಿರುತ್ತದೆ. ಖಾತೆಯಲ್ಲಿ ಕ್ರೆಡಿಟ್ ಕಾಣಿಸಿತು ಎಂದಮಾತ್ರಕ್ಕೆ ಪೇಪರ್ ಮನ್ನಾ ಆಗುವುದಿಲ್ಲ. ಆದರೂ 12 ಅಂಕಿಯ ಅಪಾರ್ ಐಡಿಯನ್ನು ಪಿಯುಸಿಯಲ್ಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದನ್ನು ಮಾಡಿಸುವಾಗಲೇ ಹೆಸರಿನ ತಕರಾರು ಹೊರಗೆ ಬರುತ್ತದೆ. ಶಾಲೆ ಅಥವಾ ಪಿಯು ಕಾಲೇಜಿನವರು ಶಾಲೆಗಳ ಸರ್ಕಾರಿ ಮಾಹಿತಿ ತಾಣ ಯುಡೈಸ್ ಪ್ಲಸ್ ಮೂಲಕ ಮಾಡಿಕೊಡುತ್ತಾರೆ, 18 ವರ್ಷದೊಳಗಿನವರಿಗೆ ಪಾಲಕರ ಒಪ್ಪಿಗೆ ಪತ್ರ ಬೇಕು. ಹೆಸರು, ಹುಟ್ಟಿದ ದಿನ, ಲಿಂಗ ಮೂರೂ ಆಧಾರ್‌ಗೂ ಶಾಲೆಯ ದಾಖಲೆಗೂ ತಾಳೆಯಾಗಬೇಕು.

ನಮ್ಮ ಕಡೆ ಈ ತಾಳೆ ಎಲ್ಲಿ ತಪ್ಪುತ್ತದೆ ಎಂಬುದು ಹೆಚ್ಚುಕಡಿಮೆ ಗೊತ್ತಿರುವ ವಿಷಯವೇ. ಶರಣಬಸಪ್ಪ ಎಂಬ ಹೆಸರಿನಲ್ಲಿ ಇಂಗ್ಲಿಷಿನ 'ಎನ್' ಆದ ಮೇಲೆ ಒಂದು 'ಎ' ಆಧಾರ್‌ನಲ್ಲಿ ಇರುತ್ತದೆ, ಅಂಕಪಟ್ಟಿಯಲ್ಲಿ ಇರುವುದಿಲ್ಲ. ಮೊಹಮ್ಮದ್ ಒಂದು ಕಡೆ ಪೂರ್ತಿ, ಇನ್ನೊಂದು ಕಡೆ 'ಎಂಡಿ' ಎಂಬ ಎರಡೇ ಅಕ್ಷರ. ಒಂದರಲ್ಲಿ ತಂದೆಯ ಹೆಸರು, ಮನೆತನದ ಹೆಸರು ಎರಡೂ; ಇನ್ನೊಂದರಲ್ಲಿ ಬರೀ ಇನಿಶಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲ ಎಂದಿಟ್ಟುಕೊಂಡು ಆಧಾರ್ ತಿದ್ದಿಸುವುದು ಸುಲಭ. ಅಂಕಪಟ್ಟಿ ತಿದ್ದಿಸಲು ಹೋದರೆ ಶಾಲೆ, ಮಂಡಳಿ ಎಂದು ತಿಂಗಳುಗಟ್ಟಲೆ ಅಲೆಯಬೇಕು. ಎನ್‌ಪಿಟಿಇಎಲ್ ಫಾರ್ಮಿನಲ್ಲೂ ಅಂಕಪಟ್ಟಿಯಲ್ಲಿರುವಂತೆಯೇ ಹೆಸರು ತುಂಬಿ. ನೋಂದಣಿಯಲ್ಲಿ ಬರೆದದ್ದೇ ಸರ್ಟಿಫಿಕೇಟಿನಲ್ಲಿ ಅಚ್ಚಾಗುತ್ತದೆ.

ಐಐಟಿ ಮದ್ರಾಸ್‌ನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಪದವಿ ಇನ್ನೊಂದು ಬಾಗಿಲು, ಮತ್ತು ಪಿಯು ಮಕ್ಕಳಿಗೆ ಸ್ಪಷ್ಟ ನಿಯಮ ಇರುವ ಬಾಗಿಲು. ಯಾವ ವಿಭಾಗವಾದರೂ ಸರಿ, ಹತ್ತರಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ದ್ವಿತೀಯ ಪಿಯುಸಿಯಲ್ಲಿರುವಾಗಲೇ ಅರ್ಜಿ ಹಾಕಬಹುದು. ನಾಲ್ಕು ವಾರ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟೇಶನಲ್ ಥಿಂಕಿಂಗ್, ಇಂಗ್ಲಿಷ್ ಪಾಠ ಕೊಟ್ಟು, ಅದೇ ಪಾಠದ ಮೇಲೆ ಕೇಂದ್ರದಲ್ಲಿ ಕೂರಿಸಿ 4 ಗಂಟೆಯ ಅರ್ಹತಾ ಪರೀಕ್ಷೆ ಮಾಡುತ್ತಾರೆ. ಸಾಮಾನ್ಯ ವರ್ಗಕ್ಕೆ ಪ್ರತಿ ವಿಷಯದಲ್ಲೂ ಶೇ. 40, ಒಟ್ಟಾರೆ ಶೇ. 50 ಬೇಕು, ಮೀಸಲು ವರ್ಗಗಳಿಗೆ ಇದಕ್ಕಿಂತ ಕಡಿಮೆ. ಪಾಸಾದರೆ ಸೀಟು ಕಾದಿರುತ್ತದೆ, ಪಿಯುಸಿ ಮುಗಿದ ಮೇಲೆ ಸೇರಬೇಕು. ಕ್ರೆಡಿಟ್ ಶುರುವಾಗುವುದು ಆಗಲೇ: ಮೊದಲ ಹಂತದಲ್ಲಿ 8 ಕೋರ್ಸ್, 32 ಕ್ರೆಡಿಟ್, ಬಿಎಸ್‌ಸಿಗೆ ನಿಲ್ಲಿಸಿದರೆ ಒಟ್ಟು 114, ಪೂರ್ತಿ ಬಿಎಸ್‌ಗೆ 142. ಕಡಿಮೆ ಆದಾಯದ ಕುಟುಂಬಗಳಿಗೆ ಶೇ. 75ರವರೆಗೆ ಶುಲ್ಕ ವಿನಾಯಿತಿ ಇದೆ. 2022ರಿಂದ ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ ಅವಕಾಶ ಕೊಟ್ಟಿರುವುದರಿಂದ ಕಲಬುರಗಿಯಲ್ಲಿ ಬಿಕಾಂ ಓದುತ್ತಾ ಇದನ್ನೂ ಮಾಡಬಹುದು. ಇದೇ ಸಂಸ್ಥೆಯ ಸ್ಕೂಲ್ ಕನೆಕ್ಟ್ ಎಂಬ 8 ವಾರದ ಕಾರ್ಯಕ್ರಮ ಕಲಿಯಲು ಚೆನ್ನಾಗಿದೆ, ಕ್ರೆಡಿಟ್ ಮಾತ್ರ ಇಲ್ಲ.

"ಪಿಯುಸಿ ಜೊತೆಗೇ ಬಿಎ ಮೊದಲ ವರ್ಷ ಮುಗಿಸಿಕೊಡುತ್ತೇವೆ" ಎನ್ನುವವರನ್ನು ನಂಬಬೇಡಿ. ಪದವಿಗೆ ಸೇರಲು ಪಿಯುಸಿ ಅಥವಾ ತತ್ಸಮಾನ ಪಾಸಾಗಿರಬೇಕು. ದೂರಶಿಕ್ಷಣವಾಗಲಿ, ಆನ್‌ಲೈನ್ ಆಗಲಿ.

ಇಷ್ಟೆಲ್ಲ ಆದ ಮೇಲೆ, ಹದಿನಾರನೇ ವಯಸ್ಸಿನಿಂದಲೇ ಎಂಜಿನಿಯರಿಂಗ್ ಪದವಿಯ ಒಂದು ವರ್ಷವನ್ನು ನಿಯಮಬದ್ಧವಾಗಿ ಗಳಿಸಿಕೊಳ್ಳುವ ದಾರಿ ನಮ್ಮಲ್ಲಿ ಎಂದಿನಿಂದಲೋ ಇದೆ. ಅದೇ ಪಾಲಿಟೆಕ್ನಿಕ್. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ, ಆಮೇಲೆ ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ವಿಟಿಯು 2022ರ ಸ್ಕೀಮ್‌ನಲ್ಲಿ (ಆ ವರ್ಷ ತಂದ ಪಠ್ಯಕ್ರಮದಲ್ಲಿ) ಬಿಇಗೆ 160 ಕ್ರೆಡಿಟ್, ಡಿಪ್ಲೊಮಾದಿಂದ ಬಂದವರಿಗೆ 120. ಮನ್ನಾ ಆದ ಆ 40ಕ್ಕಾಗಿ ಯಾವ ಕಚೇರಿಗೂ ಅರ್ಜಿ ಹಿಡಿದು ಅಲೆಯಬೇಕಿಲ್ಲ.

ವರ್ಷ ಉಳಿಯುತ್ತದೆ ಎಂದುಕೊಳ್ಳಬೇಡಿ. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ. ಉಳಿಯುವುದು ಹಣ: ಬಿಇ ಶುಲ್ಕದ ಒಂದು ವರ್ಷ ಪೂರ್ತಿ ಇಲ್ಲ, ಕಲಬುರಗಿ, ಬೀದರಿನ ಸರ್ಕಾರಿ ಪಾಲಿಟೆಕ್ನಿಕ್‌ಗಳ ಶುಲ್ಕ ಖಾಸಗಿ ಸೈನ್ಸ್ ಪಿಯು ಕಾಲೇಜಿನ ಹತ್ತಿರಕ್ಕೂ ಬರುವುದಿಲ್ಲ, ಮತ್ತು ಹತ್ತೊಂಬತ್ತಕ್ಕೆ ಕೈಯಲ್ಲಿ ಕೆಲಸ ಕೇಳಬಹುದಾದ ಡಿಪ್ಲೊಮಾ ಇರುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಅವರ ಲೆಕ್ಕ ಎರಡು, ಎರಡು, ಮೂರು, ಒಟ್ಟು ಏಳು ವರ್ಷ. ಡಾಕ್ಟರ್ ಆಗಬೇಕು ಎನ್ನುವ ಮಗುವಿಗೆ ಈ ದಾರಿ ಬೇಡ, ಅದು ಬೇರೆ ಹೇಳಬೇಕಿಲ್ಲ.

ಈ ದಾರಿ ಕೈಕೊಡುವುದು ಮೂರು ಕಡೆ. ಒಂದು, ಡಿಪ್ಲೊಮಾ ಮೊದಲ ವರ್ಷದ ಗಣಿತ. ಕನ್ನಡ ಮಾಧ್ಯಮದ ಮಗು ಇಂಗ್ಲಿಷ್ ಪದಗಳಿಗೆ ಹೊಂದಿಕೊಳ್ಳುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಬಾಕಿ ಉಳಿದ ಪೇಪರ್ ಮೂರನೇ ವರ್ಷದವರೆಗೂ ಬೆನ್ನು ಬಿಡುವುದಿಲ್ಲ, ಒಂದು ವರ್ಷ ಹೋದರೆ ಆರು ಏಳಾಗುತ್ತದೆ. ಎರಡು, ಸೀಟು. ಲ್ಯಾಟರಲ್ ಎಂಟ್ರಿಗೆ, ಅಂದರೆ ಬಿಇ ಎರಡನೇ ವರ್ಷದ ನೇರ ಪ್ರವೇಶಕ್ಕೆ, ಮಂಜೂರಾದ ಸೀಟಿನ ಶೇ. 10ರಷ್ಟು ಹೆಚ್ಚುವರಿ, ಅಂದರೆ 60 ಸೀಟಿನ ಬ್ರ್ಯಾಂಚಿಗೆ 6, ಜೊತೆಗೆ ಮೊದಲ ವರ್ಷದಲ್ಲಿ ಖಾಲಿ ಉಳಿದವು. ಬೇಡಿಕೆಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಖಾಲಿ ಉಳಿಯುವುದು ಅಪರೂಪ. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಸಿಗುತ್ತವೆ. ಡಿಪ್ಲೊಮಾದಲ್ಲಿ ಕನಿಷ್ಠ ಶೇ. 45, ಮೀಸಲು ವರ್ಗಕ್ಕೆ ಶೇ. 40 ಇರಬೇಕು. ಮೂರು, ಬಿಇ ಸೇರಿದ ಮೇಲೆ ಬರಬಹುದಾದ ಹೆಚ್ಚುವರಿ ಗಣಿತ. ವಿಟಿಯು 2018 ಮತ್ತು 2021ರ ಸ್ಕೀಮ್‌ಗಳಲ್ಲಿ ಡಿಪ್ಲೊಮಾದವರಿಗೆಂದೇ ಇಟ್ಟ ಈ ಪೇಪರಿಗೆ ಕ್ರೆಡಿಟ್ ಇರಲಿಲ್ಲ, ಆದರೆ ಪಾಸಾಗದಿದ್ದರೆ ಪದವಿಯೂ ಇರಲಿಲ್ಲ. ಕ್ರೆಡಿಟ್ ಇಲ್ಲವಲ್ಲ ಎಂದು ಅಸಡ್ಡೆ ಮಾಡಿದವರು ಕೊನೆಯ ಸೆಮಿಸ್ಟರಿನಲ್ಲಿ ಅದೊಂದಕ್ಕೇ ಕಾದು ಕುಳಿತಿರಬೇಕಾಗುತ್ತಿತ್ತು. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ಸ್ಕೀಮ್ ಇರುವುದರಿಂದ ಸೇರುವ ದಿನವೇ ನಿಯಮ ಕೇಳಿಕೊಳ್ಳಿ.

ಕಲ್ಯಾಣ ಕರ್ನಾಟಕದವರಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರವನ್ನು ಡಿಪ್ಲೊಮಾ ಅರ್ಜಿಯ ಹೊತ್ತಿಗೇ ಮಾಡಿಸಿ. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಮೀಸಲು. ಅದೇ ಪ್ರಮಾಣಪತ್ರ ಮೂರು ವರ್ಷದ ನಂತರ ಡಿಸಿಇಟಿಗೂ ಬೇಕು. ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು: ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಯವರಿಗೆ ಯಾದಗಿರಿ. ಹುಟ್ಟಿದ್ದು ಇಲ್ಲೇ ಎನ್ನುವುದಕ್ಕೆ ಅಥವಾ 2013ರ ಜನವರಿ 1ಕ್ಕೆ ಮುಂಚೆ ಹತ್ತು ವರ್ಷ ಕುಟುಂಬ ಇಲ್ಲಿ ನೆಲೆಸಿತ್ತು ಎನ್ನುವುದಕ್ಕೆ ದಾಖಲೆ ಬೇಕು. ಫಲಿತಾಂಶದ ಮರುವಾರ ಆ ಕಚೇರಿಗಳ ಮುಂದೆ ಸಾಲು ರಸ್ತೆಗೆ ಬರುತ್ತದೆ. ಪರೀಕ್ಷೆ ಮುಗಿದು ಫಲಿತಾಂಶ ಬರುವ ನಡುವಿನ ದಿನಗಳಲ್ಲಿ ಹೋದರೆ ಕೆಲಸ ಬೇಗ ಆಗುತ್ತದೆ. ಅಲ್ಲಿ ಕೊಡುವ ಅರ್ಜಿಯಲ್ಲೂ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ.